ಹಳ್ಳದ ನೀರಿನ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಡೋದು ಹೇಗೆ? ಅಳಿವೆ ಕಡೆ ಕೆಲಸ ಮಾಡಿದವರು ಇದ್ದರೆ ಹೇಳಿ

ಶಿಂಷಾ ಬಯಲು (ಮದ್ದೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರ ಪಕ್ಕ ಒಂದು ಹಳ್ಳ ಇದೆ. ಗದ್ದೆಗಳ ಬಸಿ ನೀರು, ಮೇಲಿನ ಕೆರೆಯ ಕೋಡಿ ನೀರು, ಊರಿನ ಚರಂಡಿ ಎಲ್ಲಾ ಸೇರಿಕೊಂಡು ಮುಂದೆ ಶಿಂಷಾ ಹೊಳೆಗೆ ಹೋಗುತ್ತದೆ. ಹಳ್ಳ ಕೆಟ್ಟುಹೋಗಿದೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಎಷ್ಟು ಕೆಟ್ಟಿದೆ, ಯಾವಾಗಿನಿಂದ ಕೆಟ್ಟಿದೆ, ಯಾವ ತಿಂಗಳು ಜಾಸ್ತಿ ಅಂತ ಕೇಳಿದರೆ ಯಾರ ಹತ್ತಿರವೂ ಒಂದು ಅಂಕಿ ಇಲ್ಲ.

ದಿನಾ ಬೆಳಿಗ್ಗೆ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡುವ ಜಿಲ್ಲೆ ನಮ್ಮದು. 124.80 ಅಡಿ ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಮನೆ ಹಿಂದಿನ ಹಳ್ಳದಲ್ಲಿ ಇವತ್ತು ಎಷ್ಟು ನೀರಿದೆ ಅಂತ ಬರೆದಿಟ್ಟವರಿಲ್ಲ.

ಊರಿನ ಕೆಲವು ಹುಡುಗರು, ಹೈಸ್ಕೂಲಿನ ಮೇಷ್ಟ್ರು ಒಬ್ಬರು, ನಾನು ಸೇರಿ ಲೆಕ್ಕ ಇಡೋಣ ಅಂತ ತೀರ್ಮಾನ ಮಾಡಿದ್ದೇವೆ. ಒಂದು ಸಲ ಬಾಟಲಿ ತುಂಬಿಸಿ ಲ್ಯಾಬಿಗೆ ಕಳಿಸಿ ಸುಮ್ಮನಾಗುವ ಕೆಲಸ ಅಲ್ಲ. ಹತ್ತು ವರ್ಷ ಮಾಡಬೇಕು, ಆದರೆ ಇಪ್ಪತ್ತು. ಹೊಳೆ ಸಮುದ್ರ ಸೇರುವ ಜಾಗಗಳಲ್ಲಿ, ಅಂದರೆ ಅಳಿವೆಗಳಲ್ಲಿ, ದಶಕಗಟ್ಟಲೆ ಹೀಗೆ ಅಳೆಯುತ್ತಾ ಬಂದಿದ್ದಾರೆ ಅಂತ ಓದಿದೆ. ನಮ್ಮಲ್ಲಿ ಉಪ್ಪು ನೀರಿಲ್ಲ, ಭರತ ಇಳಿತ ಇಲ್ಲ. ಆದರೂ ಅವರಿಂದ ನಾವು ಕಲಿಯೋದು ಏನಾದರೂ ಇದೆಯಾ? ಎಲ್ಲಿಂದ ಶುರು ಮಾಡಬೇಕು?

ಕಾಂಡ್ಲಾ (ಈಗ ಮೈಸೂರು, ಊರು ಕುಮಟಾ ಕಡೆ)

ಅಣ್ಣ, ಕಲಿಯೋದು ಬೇಕಾದಷ್ಟಿದೆ. ನಾನು ಮೈಸೂರಿನಲ್ಲಿ ಪರಿಸರ ವಿಜ್ಞಾನ ಓದಿ, ಆಮೇಲೆ ಅಘನಾಶಿನಿ ಅಳಿವೆಯಲ್ಲಿ ನೀರು ಅಳೆಯುವ ಕೆಲಸ ಮಾಡಿದವಳು. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ಹೊಳೆ ಸಮುದ್ರ ಸೇರುವ ಕಡೆ ಅಕ್ಕಪಕ್ಕಕ್ಕೆ ಸಣ್ಣ ಸಣ್ಣ ಕವಲುಗಳು ಒಳನಾಡಿಗೆ ನುಗ್ಗಿರುತ್ತವೆ. ಭರತದಲ್ಲಿ ಸಮುದ್ರದ ನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೊಳೆ ನೀರು ಹೊರಗೆ ಹೋಗುತ್ತದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಬೇಸಿಗೆಯಲ್ಲಿ ಉಪ್ಪು ಅದರ ಹತ್ತಿರಕ್ಕೆ ಏರುತ್ತದೆ. ಆಷಾಢದ ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಮೇಲಿನ ನೀರು ಹೆಚ್ಚುಕಡಿಮೆ ಸಿಹಿ. ಅಲ್ಲಿರುವ ಮೀನು, ಏಡಿ, ಚಿಪ್ಪಿ, ಕಾಂಡ್ಲಾ ಗಿಡ (ಉಪ್ಪು ನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಎಲ್ಲವೂ ಈ ಏರಿಳಿತಕ್ಕೆ ಒಗ್ಗಿಕೊಂಡು ಬದುಕುತ್ತವೆ. ಏರಿಳಿತವೇ ಅಲ್ಲಿಯ ಸಹಜ ಸ್ಥಿತಿ. ಹಾಗಾಗಿ ಒಂದು ದಿನದ ಅಂಕಿ ನೋಡಿ ಅಳಿವೆ ಚೆನ್ನಾಗಿದೆ, ಕೆಟ್ಟಿದೆ ಅಂತ ಹೇಳೋಕಾಗಲ್ಲ.

ಇದರಲ್ಲಿ ಒಂದು ದೊಡ್ಡ ಬಲೆ ಇದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಭರತದ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀವು ಶಿಸ್ತಾಗಿ ಪ್ರತಿ ಸೋಮವಾರ ಬೆಳಿಗ್ಗೆ 10ಕ್ಕೇ ಹೋಗಿ ಅಳೆದಿರಿ ಅಂದುಕೊಳ್ಳಿ. ಏಳು ದಿನಕ್ಕೆ ಆರು ಗಂಟೆಯ ಹತ್ತಿರ ವ್ಯತ್ಯಾಸ ಬಂತು. ಈ ಸೋಮವಾರ ಭರತದ ನೀರು ಸಿಕ್ಕಿದ್ದರೆ ಮುಂದಿನ ಸೋಮವಾರ ಹೆಚ್ಚುಕಡಿಮೆ ಇಳಿತದ ನೀರು ಸಿಗುತ್ತದೆ. ಎರಡು ಅಂಕಿ ಪಕ್ಕಪಕ್ಕ ಇಟ್ಟು ಒಂದೇ ವಾರದಲ್ಲಿ ಹೊಳೆ ಬದಲಾಯಿತು ಅಂತ ಯಾರಾದರೂ ಹೇಳಿದರೆ ಅದು ತಪ್ಪು. ನೀರು ಬದಲಾಗಿಲ್ಲ, ನೀವು ಹಿಡಿದ ಹೊತ್ತು ಬದಲಾಗಿದೆ, ಅಷ್ಟೇ.

ಅದಕ್ಕೇ ಗಂಭೀರವಾಗಿ ಅಳೆಯುವವರು ಸೆನ್ಸರನ್ನು ನೀರಲ್ಲೇ ಬಿಟ್ಟಿರುತ್ತಾರೆ. ಅಮೆರಿಕದ ಅಳಿವೆ ಸಂರಕ್ಷಣಾ ಕ್ಷೇತ್ರಗಳಲ್ಲಿ 1995ರಿಂದ ಎಲ್ಲ ಕಡೆ ಒಂದೇ ಪದ್ಧತಿ ಇದೆ. ಈಗ 15 ನಿಮಿಷಕ್ಕೊಮ್ಮೆ ಉಪ್ಪು, ಬಿಸಿ, ಆಮ್ಲಜನಕ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ), ಕದಡು, ಆಳ ಎಲ್ಲಾ ದಾಖಲಾಗುತ್ತದೆ. ಸೌತ್ ಕ್ಯಾರೊಲಿನಾದ ನಾರ್ತ್ ಇನ್ಲೆಟ್ ಅನ್ನೋ ಅಳಿವೆಯಲ್ಲಿ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳ ಲೆಕ್ಕ 1981ರಲ್ಲಿ ಶುರುವಾಯಿತು, ಎರಡು ವಾರಕ್ಕೊಮ್ಮೆ ಹಿಡಿದು ಎಣಿಸುವ ಕೆಲಸ ಅದು. ಅಂಥ ಕಡೆ ಒಂದು ಚಂಡಮಾರುತ ಬಂದು ಹೋದರೆ ಅದರ ಮುಂಚೆ ಹೇಗಿತ್ತು, ಆಮೇಲೆ ಹೇಗಾಯ್ತು, ಚೇತರಿಸಿಕೊಳ್ಳಲು ಎಷ್ಟು ದಿನ ಬೇಕಾಯ್ತು ಎಲ್ಲವನ್ನೂ ನೋಡಬಹುದು. ಅನಾಹುತ ಆದ ಮೇಲೆ ಓಡಿಹೋಗಿ ಅಳೆದರೆ ‘ಮುಂಚೆ’ ಅನ್ನೋದು ಸಿಗಲ್ಲ.

ನಿಮಗೆ ಲಕ್ಷಾಂತರ ರೂಪಾಯಿಯ ಸೆನ್ಸರ್ ಬೇಡ. ಅದೇ ಜಾಗ, ಅದೇ ಹೊತ್ತು, ಅದೇ ವಿಧಾನ ಇಟ್ಟುಕೊಳ್ಳಿ. ನೀರನ್ನು ಏರಿಸುವ ಇಳಿಸುವ ಕಾರಣ ಏನೇನಿದೆಯೋ ಅದನ್ನೂ ಪಕ್ಕದಲ್ಲೇ ಬರೆಯಿರಿ. ಮುಖ್ಯವಾದದ್ದು ಇಷ್ಟೇ.

ಹಳೇ ನೀರುಗಂಟಿ (ಮಂಡ್ಯ)

ತಂಗಿ ಚೆನ್ನಾಗಿ ಹೇಳಿದೆಯಮ್ಮ. ಮೇಲೆ ಆ ಹುಡುಗ ನಮ್ಮಲ್ಲಿ ಭರತ ಇಳಿತ ಇಲ್ಲ ಅಂದರು. ಇದೆ ಕಣಪ್ಪ. ಕಟ್ಟು ನೀರು ಅಂದರೆ ಏನು? ನಾಲೆಗೆ ಇಷ್ಟು ದಿನ ನೀರು ಬಿಟ್ಟು, ಇಷ್ಟು ದಿನ ನಿಲ್ಲಿಸೋದು. ನಾಲೆ ಬಿಟ್ಟ ಮೇಲೆ ಗದ್ದೆ ತುಂಬಿ, ಬಸಿದು, ಹಳ್ಳಕ್ಕೆ ಬರೋಕೆ ಒಂದೆರಡು ದಿನ ಹಿಡಿಯುತ್ತದೆ. ನಾಲೆ ನಿಂತ ಮೇಲೂ ಹಳ್ಳ ತಕ್ಷಣ ಇಳಿಯಲ್ಲ. ಮೊದಲು ತೋಡು ಬತ್ತುತ್ತದೆ, ಆಮೇಲೆ ಹಳ್ಳ ನಿಧಾನಕ್ಕೆ ಕುಗ್ಗುತ್ತದೆ. ಕೊನೆಗೆ ಉಳಿಯೋದು ನೆಲದೊಳಗಿನ ಒರತೆ ಮತ್ತೆ ಊರ ಚರಂಡಿ. ಮೂರೂ ಬೇರೆ ಬೇರೆ ನೀರು. ಬಣ್ಣ ಬೇರೆ, ವಾಸನೆ ಬೇರೆ.

ನಾಲೆ ಗೇಜು ನೋಡಿ ಪುಸ್ತಕ ಬರೆಯೋದೇ ನನ್ನ ಕೆಲಸ ಆಗಿತ್ತು. ಆ ಅಭ್ಯಾಸದಿಂದ ಹೇಳುತ್ತೇನೆ. ನಿಮ್ಮ ಪುಸ್ತಕದಲ್ಲಿ ಒಂದು ಕಾಲಂ ನಾಲೆಗೆ ಇಡಿ. ‘ಬಿಟ್ಟಿದೆ, ಎಷ್ಟನೇ ದಿನ’ ಅಥವಾ ‘ನಿಂತಿದೆ, ಎಷ್ಟನೇ ದಿನ’. ಅದಿಲ್ಲದೆ ಉಳಿದ ಅಂಕಿಗೆ ಬೆಲೆ ಇಲ್ಲ. ಇನ್ನೊಂದು ಕಾಲಂ ಗದ್ದೆ ಕೆಲಸಕ್ಕೆ. ನಾಟಿ ನಡೀತಿದೆಯಾ, ಮೇಲುಗೊಬ್ಬರ ಹಾಕ್ತಿದ್ದಾರಾ, ಕಬ್ಬು ಕಡೀತಿದ್ದಾರಾ, ಮೇಲ್ಗಡೆ ಆಲೆಮನೆ ಉರೀತಿದೆಯಾ. ಮಳೆ ಬಂದರೆ ಎಷ್ಟು, ಯಾವ ಹೊತ್ತಿಗೆ.

ಗೇಜು ಪಟ್ಟಿಯನ್ನ ಹಳ್ಳದ ಮಧ್ಯೆ ಕಡ್ಡಿ ನೆಟ್ಟು ಕಟ್ಟಬೇಡಿ. ಮೊದಲ ಪ್ರವಾಹಕ್ಕೇ ಹೋಗುತ್ತದೆ. ಮೋರಿ ಇದ್ದರೆ ಅದರ ಗೋಡೆಗೆ ಸೆಂಟಿಮೀಟರ್ ಗುರುತು ಬರೆಯಿರಿ. ಪಕ್ಕದಲ್ಲಿ ಅಲುಗಾಡದ ಒಂದು ಕಲ್ಲಿನ ಮೇಲೆ ಗುರುತು ಮಾಡಿ, ಪಟ್ಟಿಯ ಸೊನ್ನೆ ಅದಕ್ಕಿಂತ ಎಷ್ಟು ಕೆಳಗಿದೆ ಅಂತ ಅಳೆದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ನಾಳೆ ಯಾರೋ ಮೋರಿ ಕಿತ್ತು ಹೊಸದು ಕಟ್ಟುತ್ತಾರೆ. ಆಗ ಆ ಕಲ್ಲೇ ನಿಮಗೆ ದಾರಿ.

ಕಾಂಡ್ಲಾ

ತಾತ, ನೀವು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಕಟ್ಟು ನೀರೇ ಇಲ್ಲಿಯ ಭರತ ಇಳಿತ. ಅಲ್ಲಿ ಚಂದ್ರನನ್ನು ನೋಡಿ ಹೊತ್ತು ಗೊತ್ತುಮಾಡುತ್ತೇವೆ, ಇಲ್ಲಿ ನಾಲೆಯ ಪಾಳಿ ನೋಡಬೇಕು. ವಾರಕ್ಕೊಂದು ಸಲ ಅಂತ ಇಟ್ಟುಕೊಳ್ಳುವ ಬದಲು ನಾಲೆ ಬಿಡುವ ಮುಂಚಿನ ದಿನ ಒಂದು, ನೀರು ಚೆನ್ನಾಗಿ ಬಸಿಯುತ್ತಿರುವಾಗ ಒಂದು, ನಿಂತು ಹಳ್ಳ ಕುಗ್ಗಿದ ಮೇಲೆ ಒಂದು ಅಳತೆ ಮಾಡಬಹುದು. ಹಳ್ಳದ ಮಟ್ಟ ಮಾತ್ರ ದಿನಾ ಬೆಳಿಗ್ಗೆ. ಅದಕ್ಕೆ ಒಂದು ನಿಮಿಷ ಸಾಕು.

ಟೈಲೆಂಡ್ ರೈತ (ಮಳವಳ್ಳಿ ಕಡೆ)

ಎಲ್ಲಾ ಸರಿ. ನಾನು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಾಲೆಯ ಕೊನೆ ಭಾಗದಲ್ಲಿ ಇರುವವರು ನಾವು. ನಮಗೆ ನೀರು ಬರೋದೇ ಕಷ್ಟ. 2023ರಲ್ಲಿ ಕೆಆರ್‌ಎಸ್ ಕಟ್ಟೆ ತುಂಬಲಿಲ್ಲ, ಬೆಳೆ ಒಣಗಿತು. ನೀರೇ ಇಲ್ಲದ ಕಡೆ ಅದರ ಪಿಎಚ್ ಅಳೆದು ಏನು ಮಾಡೋಣ?

ಎರಡನೇದು. ಅಳಿವೆ, ಸಮುದ್ರ ಅಂತ ಮಾತು ಬಂತು. ಸಮುದ್ರಕ್ಕೆ ಹೋದ ನೀರು ದಂಡ ಅಂತಲೇ ನಾವು ಕೇಳಿಕೊಂಡು ಬೆಳೆದವರು. ಅಲ್ಲಿ ಏಡಿ ಮೀನಿಗೆ ನೀರು ಬೇಕು ಅಂತ ಹೇಳೋಕೆ ಹೊರಟಿದ್ದೀರಾ?

ಮೂರನೇದು ಮುಖ್ಯ. ನೀವು ಅಳೆದು ನೈಟ್ರೇಟ್ ಜಾಸ್ತಿ ಅಂತ ತೋರಿಸಿದರೆ ಕೊನೆಗೆ ರೈತರ ಯೂರಿಯಾ ಮೇಲೇ ಬರುತ್ತದೆ. ಪೇಟೆ ಚರಂಡಿ ಬಗ್ಗೆ ಯಾರೂ ಮಾತಾಡಲ್ಲ.

ಕಾಂಡ್ಲಾ

ಬೇಜಾರೇನಿಲ್ಲ ಅಣ್ಣ. ಕೇಳಬೇಕಾದ್ದನ್ನೇ ಕೇಳಿದ್ದೀರಿ. ಸಮುದ್ರದ ಮಾತು ಮೊದಲು.

ಯಾರ ಪಾಲು ಎಷ್ಟು ಅನ್ನೋ ವಾದಕ್ಕೆ ನಾನು ಬರಲ್ಲ. ಆದರೆ ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪಿನ 740 ಟಿಎಂಸಿ ಲೆಕ್ಕದಲ್ಲೇ ಪರಿಸರಕ್ಕೆ 10, ತಡೆಯಲಾಗದೆ ಸಮುದ್ರ ಸೇರುವುದಕ್ಕೆ 4 ಅಂತ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 284.75ಕ್ಕೆ ಏರಿಸಿದಾಗಲೂ ಈ ಎರಡು ಹಾಗೇ ಉಳಿದವು. ಅಂದರೆ ಹೊಳೆಗೂ ಒಂದು ಪಾಲಿದೆ ಅಂತ ಕಾಗದದಲ್ಲೇ ಒಪ್ಪಿದ್ದಾರೆ. ನಿಮ್ಮ ಹಳ್ಳ ಶಿಂಷಾಕ್ಕೆ, ಶಿಂಷಾ ಕಾವೇರಿಗೆ. ಕಾವೇರಿಯ ಕವಲು ಕೊಳ್ಳಿಡಂ ಸಮುದ್ರ ಸೇರುವ ಕಡೆ ಪಿಚ್ಚಾವರಂ ಕಾಂಡ್ಲಾ ಕಾಡಿದೆ. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ವರ್ಷ ನಮ್ಮ ರಂಗನತಿಟ್ಟೂ ಸೇರಿತು. ಒಂದೇ ಹೊಳೆಯ ಎರಡು ಜಾಗ.

ಅಳಿವೆಗೆ ಸಿಹಿನೀರು ಬೇಕು. ಆದರೆ ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ಇನ್ನೂ ಮುಖ್ಯ. ಇದಕ್ಕೆ ನಮ್ಮ ಕರಾವಳಿಯಲ್ಲೇ ಸಾಕ್ಷಿ ಇದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಆಯಿತು. ಆಮೇಲೆ ವಿದ್ಯುತ್ ತೆಗೆದ ನೀರು ವರ್ಷವಿಡೀ ಕೆಳಗೆ ಬರತೊಡಗಿತು. ಬೇಸಿಗೆಯಲ್ಲೂ ಸಿಹಿನೀರು. ಕೇಳಲು ಒಳ್ಳೆಯದೇ ಅನ್ನಿಸುತ್ತದೆ, ಅಲ್ವಾ? ಆದರೆ ಅಳಿವೆಯಲ್ಲಿ ಬೇಸಿಗೆಗೆ ಏರಬೇಕಾದ ಉಪ್ಪು ಏರಲಿಲ್ಲ. ಬೆಂಗಳೂರಿನ ಐಐಎಸ್‌ಸಿಯವರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದಾಗ ಶರಾವತಿ ಕಡೆ ಉಪ್ಪು ಕಡಿಮೆ, ಚಿಪ್ಪಿ, ಮೀನುಗಳ ವೈವಿಧ್ಯವೂ ಕಡಿಮೆ ಅಂತ ಕಂಡಿತು. ಅಘನಾಶಿನಿಯಲ್ಲಿ ಇವತ್ತಿಗೂ ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು ಬೆಳಚು (ತಿನ್ನುವ ಚಿಪ್ಪಿ) ಆರಿಸುತ್ತಾರೆ. ಅಳಿವೆ ಪಕ್ಕದ ಗಜನಿ ಗದ್ದೆಯಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಅವರೂ ರೈತರೇ ಅಣ್ಣ. ಅವರ ಬೆಳೆಯೂ ಹೊಳೆ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅನ್ನೋದರ ಮೇಲೇ ನಿಂತಿದೆ.

ಇನ್ನು ನೀರಿಲ್ಲದ ವರ್ಷ. ಅದನ್ನೇ ಜಾಸ್ತಿ ಬರೆಯಬೇಕು. 2023ರಲ್ಲಿ ಕಟ್ಟೆ ತುಂಬಲಿಲ್ಲ, 2024ರ ಜುಲೈಯಲ್ಲಿ ತುಂಬಿತು, 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿತು. ಮೂರು ವರ್ಷ, ಮೂರು ಥರ. 2023ರಿಂದ ಶುರು ಮಾಡಿದವರಿಗೆ ಹಳ್ಳ ವರ್ಷ ವರ್ಷ ಸುಧಾರಿಸುತ್ತಿದೆ ಅಂತ ಕಾಣುತ್ತದೆ, ಮಳೆ ಬಿಟ್ಟು ಬೇರೇನೂ ಬದಲಾಗದೇ ಇದ್ದರೂ. ಬರ, ಪ್ರವಾಹ ಎರಡೂ ಸಿಗುವಷ್ಟು ಉದ್ದ ಬರೆದರೆ ಮಾತ್ರ ಮಳೆಯ ಪಾತ್ರ ಎಷ್ಟು, ನಮ್ಮ ಪಾತ್ರ ಎಷ್ಟು ಅಂತ ಬೇರ್ಪಡಿಸಬಹುದು.

ಮೂರನೇ ಪ್ರಶ್ನೆಗೆ ಮೇಷ್ಟ್ರು ಯಾರಾದರೂ ಉತ್ತರ ಕೊಟ್ಟರೆ ಒಳ್ಳೇದು.

ಕೆಮಿಸ್ಟ್ರಿ ಮೇಷ್ಟ್ರು (ಮಂಡ್ಯ)

ರೈತ ಮಿತ್ರರ ಆತಂಕ ನ್ಯಾಯವಾದದ್ದು. ಪರಿಹಾರ ಸುಲಭ. ಒಂದೇ ಕಡೆ ಅಳೆಯಬೇಡಿ. ಚರಂಡಿ ಹಳ್ಳಕ್ಕೆ ಸೇರುವ ಜಾಗದ ಮೇಲೆ ಒಂದು, ಕೆಳಗೆ ಒಂದು. ಗದ್ದೆ ಬಯಲು ಶುರುವಾಗುವ ಮುಂಚೆ ಒಂದು, ಮುಗಿದ ಮೇಲೆ ಒಂದು. ಯಾವುದು ಎಲ್ಲಿ ಸೇರಿತು ಅಂತ ಅಂಕಿಯೇ ಹೇಳುತ್ತದೆ.

ಅದರ ಜೊತೆ ಹರಿವೂ ಬೇಕು. ಸುಮ್ನೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ನೋಡಿದರೆ ದಾರಿ ತಪ್ಪುತ್ತೇವೆ. ಒಂದು ದಿನ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್, ಹಳ್ಳದಲ್ಲಿ ಸೆಕೆಂಡಿಗೆ 20 ಲೀಟರ್ ಹರಿವು. ಸೆಕೆಂಡಿಗೆ ಹೋದದ್ದು 200 ಮಿಲಿಗ್ರಾಂ. ಇನ್ನೊಂದು ದಿನ ಲೀಟರಿಗೆ ಬರೀ 4, ಹರಿವು 200 ಲೀಟರ್. ಹೋದದ್ದು 800. ಅಂಕಿ ಕಡಿಮೆ ಇದ್ದ ದಿನವೇ ಗೊಬ್ಬರ ನಾಲ್ಕು ಪಟ್ಟು ಹೋಯಿತು. ಇದನ್ನು ರೈತರಿಗೆ ತೋರಿಸಿ. ಅದು ಅವರ ದುಡ್ಡು, ಹಳ್ಳದಲ್ಲಿ ಹರಿದು ಹೋಗುತ್ತಿದೆ.

ಹರಿವು ಅಳೆಯೋದು ಮಕ್ಕಳೂ ಮಾಡಬಹುದು. ನೆಟ್ಟಗೆ ಹರಿಯುವ ಕಡೆ 10 ಮೀಟರ್ ಗುರುತು ಮಾಡಿ ನಿಂಬೆಹಣ್ಣು ಬಿಡಿ. 25 ಸೆಕೆಂಡಿನಲ್ಲಿ ದಾಟಿದರೆ ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ಒಳಗಿನ ನೀರಿಗಿಂತ ಜೋರು, ಅದಕ್ಕೆ 0.85ರಿಂದ ಗುಣಿಸಿ. 0.34 ಆಯಿತು. ಹಳ್ಳದ ಅಗಲ 2 ಮೀಟರ್, ಸರಾಸರಿ ಆಳ 0.3 ಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 204 ಲೀಟರ್. ನಮ್ಮ ಭಾಷೆಯಲ್ಲಿ 7 ಕ್ಯೂಸೆಕ್ ಚಿಲ್ಲರೆ. ಬೇರೆ ಬೇರೆ ಮಟ್ಟದಲ್ಲಿ ಹೀಗೆ ಅಳೆದು ಗ್ರಾಫ್ ಹಾಕಿಟ್ಟರೆ ಆಮೇಲೆ ಮೋರಿ ಗೋಡೆಯ ಮಟ್ಟ ನೋಡಿದರೇ ಹರಿವು ಎಷ್ಟು ಅಂತ ಗೊತ್ತಾಗುತ್ತದೆ. ಪ್ರವಾಹ ಬಂದು ಮರಳು ಹೂಳು ಜರುಗಿದರೆ ಗ್ರಾಫ್ ಮತ್ತೆ ಹಾಕಬೇಕು, ಅದು ನೆನಪಿರಲಿ.

ಕರಗಿದ ಆಮ್ಲಜನಕಕ್ಕೆ ವಿಂಕ್ಲರ್ ವಿಧಾನ ಇದೆ. 1888ರದ್ದು, ಇವತ್ತಿಗೂ ನಂಬಬಹುದು. 300 ಮಿಲಿ ಗಾಜಿನ ಬಾಟಲಿಯನ್ನು ನೀರೊಳಗೆ ಓರೆಯಾಗಿ ಹಿಡಿದು ಗುಳ್ಳೆ ಬರದ ಹಾಗೆ ತುಂಬಿಸಬೇಕು. ಒಂದು ಗುಳ್ಳೆ ಒಳಗುಳಿದರೂ ಲೆಕ್ಕ ಕೆಟ್ಟಿತು. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್ ಹಾಕಿ ಮುಚ್ಚಳ ಬಿಗಿದು ತಿರುಗಿಸಿದರೆ ಗಸಿ ಇಳಿಯುತ್ತದೆ. ನೀರಲ್ಲಿ ಉಸಿರಿದ್ದರೆ ಗಸಿ ಕಂದು. ಇಲ್ಲದಿದ್ದರೆ ಬಿಳಿ. ಆ ಬಿಳಿ ಗಸಿ ಕಂಡಾಗ ಲ್ಯಾಬಿನಲ್ಲಿ ಗಲಾಟೆ ಮಾಡುತ್ತಿದ್ದ ಹುಡುಗರೂ ಸುಮ್ಮನಾಗಿಬಿಡುತ್ತಾರೆ, ಯಾಕೆಂದರೆ ಆ ನೀರಲ್ಲಿ ಮೀನು ಬದುಕಲ್ಲ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಗಂಧಕಾಮ್ಲ ಹಾಕಿದರೆ ಗಸಿ ಕರಗಿ ಹಳದಿ. ಪಿಷ್ಟ ಹಾಕಿದರೆ ಕಡು ನೀಲಿ. ಥಯೋಸಲ್ಫೇಟನ್ನು ಹನಿ ಹನಿಯಾಗಿ ಬಿಟ್ಟು, ನೀಲಿ ಮಾಯವಾದ ಹನಿಗೆ ನಿಲ್ಲಿಸಿ ಓದಬೇಕು. ಆಮ್ಲದ ಕೆಲಸ ದೊಡ್ಡವರದು, ಕನ್ನಡಕ ಕೈಗವಸು ಇಲ್ಲದೆ ಬೇಡ.

ಹೊತ್ತು ಮರೆಯಬೇಡಿ. ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಲ್ಲವೂ ಅದನ್ನು ಉಸಿರಾಡುತ್ತವೆ. 25 ಡಿಗ್ರಿಯ ಸಿಹಿನೀರು ಗಾಳಿಯಿಂದ ಹಿಡಿದುಕೊಳ್ಳುವುದು ಲೀಟರಿಗೆ ಸುಮಾರು 8.3 ಮಿಲಿಗ್ರಾಂ. ಹಸಿರುಗಟ್ಟಿದ ಹಳ್ಳದಲ್ಲಿ ಮಧ್ಯಾಹ್ನ 3ಕ್ಕೆ ಅದಕ್ಕಿಂತ ಜಾಸ್ತಿ ಬಂದು, ಅದೇ ಜಾಗದಲ್ಲಿ ಸೂರ್ಯ ಹುಟ್ಟುವ ಮುಂಚೆ 2ಕ್ಕಿಂತ ಕೆಳಗಿರಬಹುದು. ಮೀನು ಸಾಯೋದು ಆ ಹೊತ್ತಿನಲ್ಲಿ. ಬಿಸಿಲೇರಿದ ಮೇಲೆ ಬಂದು ಅಳೆದವರಿಗೆ ನೀರು ಚೆನ್ನಾಗಿಯೇ ಕಾಣುತ್ತದೆ.

ಕುಕ್ಕರಹಳ್ಳಿ ಏರಿ (ಮೈಸೂರು)

ನೀರಿನ ಜೊತೆ ಜೀವಗಳನ್ನೂ ಎಣಿಸಿ ಅಂತ ಕೇಳಿಕೊಳ್ಳುತ್ತೇನೆ. ನಾನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ನಡೆಯುವವನು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಅದು. ಹಕ್ಕಿ ನೋಡುವ ಹಿರಿಯರು ಯಾವ ಚಳಿಗಾಲದಲ್ಲಿ ಯಾವ ಬಾತು ಬಂತು, ಯಾವುದು ಬರುವುದನ್ನು ನಿಲ್ಲಿಸಿತು ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ. ನನ್ನ ಮಗಳಿಗೆ ಈಗಿನ ಕೆರೆಯೇ ಕೆರೆ. ಅದಕ್ಕಿಂತ ಚೆನ್ನಾಗಿತ್ತು ಅಂದರೆ ಅವಳು ನಂಬಬೇಕಲ್ಲ. ಡೇನಿಯಲ್ ಪೌಲಿ ಅನ್ನೋ ಮೀನು ವಿಜ್ಞಾನಿ 1995ರಲ್ಲಿ ಇದನ್ನೇ ಬರೆದರು. ಪ್ರತಿ ತಲೆಮಾರೂ ತಾನು ಮೊದಲು ಕಂಡದ್ದನ್ನೇ ಸರಿ ಅಂದುಕೊಳ್ಳುತ್ತದೆ. ಹಾಗಾಗಿ ಕಳೆದುಹೋದದ್ದು ಯಾರ ಲೆಕ್ಕಕ್ಕೂ ಬರಲ್ಲ.

ನಿಮ್ಮ ಹಳ್ಳದಲ್ಲಿ ಕಲ್ಲು ಎತ್ತಿ ಅಡಿಯಲ್ಲಿ ನೋಡಿ. ಮೂರು ಬಾಲದ ಚಿಕ್ಕ ಮರಿಹುಳು ಇದ್ದರೆ ನೀರು ಚೆನ್ನಾಗಿದೆ. ಕೆಸರಲ್ಲಿ ಬರೀ ಕೆಂಪು ದಾರದಂಥ ಹುಳುಗಳಿದ್ದರೆ ಆಮ್ಲಜನಕ ಕಡಿಮೆ. ಗೆಂಡೆ, ಕೊರವ ಸಿಗುತ್ತಿದ್ದ ಕಡೆ ಈಗ ಬರೀ ಜಿಲೇಬಿ ಮೀನು ಸಿಕ್ಕರೆ ಅದನ್ನೂ ಬರೆಯಿರಿ. ಅಂತರಗಂಗೆ ಎಲ್ಲಿಂದ ಎಲ್ಲಿವರೆಗೆ ಹಬ್ಬಿದೆ ಅಂತ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಮದ್ದೂರು ತಾಲ್ಲೂಕಿನವರು ನೀವು, ಕೊಕ್ಕರೆಬೆಳ್ಳೂರು ನಿಮ್ಮದೇ. ಅಲ್ಲಿಯ ಹೆಜ್ಜಾರ್ಲೆಗಳು ಮೀನು ಹಿಡಿಯೋದು ಸುತ್ತಲಿನ ಕೆರೆ ಹಳ್ಳಗಳಲ್ಲೇ. ನಿಮ್ಮ ಹಳ್ಳದ ಲೆಕ್ಕ ಆ ಹಕ್ಕಿಗಳ ಲೆಕ್ಕವೂ ಹೌದು.

ಬೋಗಾದಿ ಹುಡುಗ (ಮೈಸೂರು)

ನಾನು ಡೇಟಾ ಕೆಲಸದವನು. ಇಂಥ ಲೆಕ್ಕಗಳು ಸಾಯೋದು ನೀರಿನ ದಡದಲ್ಲಲ್ಲ, ಕಂಪ್ಯೂಟರಿನಲ್ಲಿ. ಬರೆದವರು ಊರು ಬಿಟ್ಟು ಹೋಗುತ್ತಾರೆ, ಫೋನ್ ಕೆಡುತ್ತದೆ, ಅಲ್ಲಿಗೆ ಮುಗಿಯಿತು.

ಕಾಗದದ ಪುಸ್ತಕವೇ ಮೂಲ ಪ್ರತಿ ಆಗಿರಲಿ. ಬಾಲ್ ಪೆನ್ನಲ್ಲಿ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ, ವೈಟ್ನರ್ ಹಚ್ಚಬೇಡಿ. ಪುಟ ತುಂಬಿದ ದಿನವೇ ಫೋಟೋ ತೆಗೆದು ಇಬ್ಬರು ಬೇರೆ ಬೇರೆ ಮನೆಯವರ ಹತ್ತಿರ ಇಡಿ. ಖಾಲಿ ಬಿಡುವ ಜಾಗದ ಬಗ್ಗೆ ತುಂಬಾ ಎಚ್ಚರ ಬೇಕು. ಹಳ್ಳ ಬತ್ತಿದ್ದರೆ ‘ಬತ್ತಿದೆ’ ಅಂತ ಬರೆಯಿರಿ. ಯಾರೂ ಹೋಗದ ದಿನ ‘ಹೋಗಿಲ್ಲ’ ಅಂತ ಬರೆಯಿರಿ. ಎರಡಕ್ಕೂ ಸೊನ್ನೆ ಹಾಕಿದರೆ ಹತ್ತು ವರ್ಷದ ನಂತರ ಯಾರಿಗೂ ಬಿಡಿಸೋಕಾಗಲ್ಲ.

ವಿಚಿತ್ರ ಅಂಕಿ ಬಂದರೆ ಅಳಿಸಬೇಡಿ. ‘ಅನುಮಾನ’ ಅಂತ ಗುರುತು ಹಾಕಿ ಕಾರಣ ಬರೆಯಿರಿ. ಮೀಟರ್ ಬದಲಾಯಿಸುವಾಗ ಹಳೆಯದು ಹೊಸದು ಎರಡನ್ನೂ ಕೆಲವು ತಿಂಗಳು ಜೊತೆಯಲ್ಲೇ ಬಳಸಿ. ಇಲ್ಲದಿದ್ದರೆ ನೀರು ಬದಲಾಯಿತಾ, ಮೀಟರ್ ಬದಲಾಯಿತಾ ಅಂತ ಹೇಳಲಾಗದು.

ಕಾಂಡ್ಲಾ

ಇದಕ್ಕೆ ನನ್ನದೂ ಒಂದು ಮಾತು. ಅಳಿವೆಯಲ್ಲಿ ಸೆನ್ಸರ್ ಬಿಟ್ಟು ಎರಡು ಮೂರು ವಾರ ಕಳೆದು ತೆಗೆದರೆ ಕೊಳವೆ ಸುತ್ತ ಬೂದು ಚಿಪ್ಪಿನ ಜೀವಿಗಳು ಅಂಟಿ ಕೂತಿರುತ್ತವೆ. ಮುಟ್ಟಿದರೆ ಕೈ ಕುಯ್ಯುತ್ತದೆ. ಗಾಜಿನ ಕಣ್ಣಿನ ಮೇಲೆ ಲೋಳೆ. ಸೆನ್ಸರ್ ಆಗಲೂ ಅಂಕಿ ಕೊಡುತ್ತಲೇ ಇರುತ್ತದೆ, ಅದು ನಿಜವಾದ ಅಂಕಿ ಅಲ್ಲ. ಅದಕ್ಕೆ ನೀರಿಗೆ ಬಿಡುವ ಮುಂಚೆ ಒಂದು ಸಲ, ತೆಗೆದ ಮೇಲೆ ಒಂದು ಸಲ ಗೊತ್ತಿರುವ ದ್ರಾವಣದಲ್ಲಿ ಅದ್ದಿ ನೋಡುತ್ತೇವೆ. ಎಷ್ಟು ಜಾರಿದೆ ಅಂತ ಆ ಎರಡರ ವ್ಯತ್ಯಾಸದಲ್ಲಿ ಗೊತ್ತಾಗುತ್ತದೆ. ನಿಮ್ಮ ಕೈ ಮೀಟರಿಗೂ ಇದೇ ನಿಯಮ. ಪಿಎಚ್ ಮೀಟರನ್ನು ಪ್ರತಿ ಸಲ 7ರ ದ್ರಾವಣದಲ್ಲಿ ಅದ್ದಿ ಎಷ್ಟು ತೋರಿಸಿತು ಅಂತ ಬರೆಯಿರಿ. ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ, ಅದರಿಂದ ಉಪ್ಪು ಎಷ್ಟು ಕರಗಿದೆ ಅಂತ ತೋರಿಸುವ ವಾಹಕತೆ ಮೀಟರಿಗೂ ಹಾಗೇ. ನಾಲೆ ನೀರು, ಒರತೆ ನೀರು, ಚರಂಡಿ ನೀರು ಬೇರೆ ಮಾಡಿ ತೋರಿಸೋಕೆ ನಿಮಗೆ ಸಿಗುವ ಅಗ್ಗದ ಸಾಧನ ಈ ವಾಹಕತೆಯೇ.

ನೀವು ಒಬ್ಬರೇ ಅಲ್ಲ ಅನ್ನೋದೂ ಗೊತ್ತಿರಲಿ. ಕೇಂದ್ರ ಜಲ ಆಯೋಗ ಶಿಂಷಾ ಹೊಳೆಯನ್ನು ಟಿ.ಕೆ. ಹಳ್ಳಿಯಲ್ಲಿ, ಹೇಮಾವತಿಯನ್ನು ಅಕ್ಕಿಹೆಬ್ಬಾಳಿನಲ್ಲಿ, ಕಬಿನಿಯನ್ನು ಟಿ. ನರಸೀಪುರದಲ್ಲಿ ಅಳೆಯುತ್ತದೆ. ಮಳೆಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಾಪಕಗಳು ಪಂಚಾಯಿತಿ ಮಟ್ಟದಲ್ಲಿವೆ. ದೊಡ್ಡ ಹೊಳೆಯ ಲೆಕ್ಕ ಅವರು ಇಡುತ್ತಾರೆ. ಹಳ್ಳದ ಲೆಕ್ಕಕ್ಕೆ ಯಾರೂ ಇಲ್ಲ. ಆ ಜಾಗ ನಿಮ್ಮದು.

ಟೈಲೆಂಡ್ ರೈತ

ಮೇಷ್ಟ್ರ ನೈಟ್ರೇಟ್ ಲೆಕ್ಕ ಎರಡು ಸಲ ಓದಿದೆ. ಮೇಲುಗೊಬ್ಬರ ಹಾಕಿದ ಮಾರನೇ ದಿನವೇ ನಾಲೆ ಬಂದು ಗದ್ದೆ ತುಂಬಿ ಹರಿದರೆ ಎಷ್ಟು ಹೋಗುತ್ತದೆ ಅಂತ ನನಗೂ ತಿಳಿಯಬೇಕು. ಯೂರಿಯಾ ಮೂಟೆಗೆ ಸಾಲಲ್ಲಿ ನಿಲ್ಲುವವರು ನಾವೇ ತಾನೇ.

ಆದರೂ ನನ್ನ ಮಾತು ಬಿಡಲ್ಲ. ಚರಂಡಿ ಸೇರುವ ಜಾಗದ ಮೇಲೆ ಕೆಳಗೆ ಮೊದಲು ಅಳೆಯಿರಿ. ಗದ್ದೆ ಆಮೇಲೆ. ಅಂಕಿ ಬಂದ ಮೇಲೆ ಊರಿನ ಮುಂದೆ ಇಡುವ ಮುಂಚೆ ಆ ಗದ್ದೆಯವರನ್ನು ಕೂರಿಸಿ ತೋರಿಸಿ. ಯಾರದೋ ಹೆಸರು ಹಿಡಿದು ಬೋರ್ಡಿನಲ್ಲಿ ಹಾಕಿದರೆ ನಾಳೆಯಿಂದ ಹಳ್ಳಕ್ಕೆ ಇಳಿಯೋಕೂ ಬಿಡಲ್ಲ. ಹಳ್ಳಿಯಲ್ಲಿ ಹತ್ತು ವರ್ಷ ನಡೀಬೇಕು ಅಂದರೆ ಮೀಟರಿಗಿಂತ ಇದು ಮುಖ್ಯ.

ಶಿಂಷಾ ಬಯಲು

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರ ಜೊತೆ ಕೂತು ಮಾತಾಡಿದೆ. ಶುರುವಿಗೆ ನಾಲ್ಕು ಜಾಗ. ಚರಂಡಿಯ ಮೇಲೆ, ಕೆಳಗೆ, ಗದ್ದೆ ಬಯಲಿನ ತುದಿ, ಕೊನೆಗೆ ಶಿಂಷಾ ಸೇರುವ ಮುಂಚೆ. ಮೊದಲ ವರ್ಷ ಮಟ್ಟ, ಹರಿವು, ವಾಹಕತೆ, ಬಿಸಿ, ಆಮ್ಲಜನಕ, ಕಲ್ಲಿನಡಿಯ ಹುಳು ಇಷ್ಟೇ. ನೈಟ್ರೇಟ್ ನಾಟಿಯ ಮುಂಚೆ ಒಂದು, ಮೇಲುಗೊಬ್ಬರದ ನಂತರ ಒಂದು. ಜಾಸ್ತಿ ಹೊತ್ತುಕೊಂಡು ಮೂರು ತಿಂಗಳಿಗೆ ಕೈಬಿಡೋದು ಬೇಡ ಅಂತ.

ರೈತಣ್ಣನ ಷರತ್ತು ಒಪ್ಪಿದ್ದೇವೆ. ಬೋರ್ಡಿನಲ್ಲಿ ಜಾಗದ ನಂಬರ್ ಮಾತ್ರ ಇರುತ್ತದೆ, ಯಾರ ಹೆಸರೂ ಇರಲ್ಲ. ಆದರೆ ಚರಂಡಿಯ ಅಂಕಿ ಮಾತ್ರ ಪೂರ್ತಿ ಹಾಕುತ್ತೇವೆ, ಅದು ಊರೆಲ್ಲರದು.

ಒಂದು ಸಮಸ್ಯೆ ಉಳಿದಿದೆ. ನಾಲ್ಕನೇ ಜಾಗದಲ್ಲಿ ಮೋರಿ ಇಲ್ಲ, ಬಂಡೆಯೂ ಇಲ್ಲ. ಎರಡೂ ದಡ ಮರಳು ಮಣ್ಣು, ಪ್ರತಿ ಮಳೆಗಾಲ ಕೊರೆಯುತ್ತದೆ. ಗೇಜು ಎಲ್ಲಿ ನಿಲ್ಲಿಸೋದು?

ಹಳೇ ನೀರುಗಂಟಿ

ಹತ್ತಿರ ಹಳೇ ಪಂಪ್‌ಹೌಸ್ ಗೋಡೆ, ದೇವಸ್ಥಾನದ ಮೆಟ್ಟಿಲು, ಕರೆಂಟ್ ಕಂಬದ ಕಾಂಕ್ರೀಟ್ ಏನಾದರೂ ಇರಬೇಕಲ್ಲ, ನೋಡಿ. ಅದರ ಮೇಲೆ ಗುರುತು ಮಾಡಿ. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಗಾರೆಯವರು ಮಟ್ಟ ನೋಡುವ ಹಾಗೆ, ಆ ಗುರುತಿನಿಂದ ಹಳ್ಳದ ನೀರು ಎಷ್ಟು ಕೆಳಗಿದೆ ಅಂತ ಅಳೆದುಕೊಳ್ಳಿ. ಪಟ್ಟಿ ಕೊಚ್ಚಿಹೋದರೂ ಲೆಕ್ಕ ಹೋಗಲ್ಲ. ನಾಲೆ ಬಿಡುವ ಮುಂಚೆ ಒಂದು ದಿನ ಕರೆಯಿರಿ, ನಾನೇ ಬಂದು ಹಾಕಿಕೊಡುತ್ತೇನೆ. ಮಳೆ ಜೋರಿದ್ದ ದಿನ ಹುಡುಗರು ಹಳ್ಳಕ್ಕೆ ಇಳಿಯೋದು ಬೇಡ. ಅವತ್ತು ದಡದಿಂದ ಕಂಡಷ್ಟೇ ಬರೆಯಲಿ.